ಸೊನ್ನೆ ಅಲ್ಲ, ಗೊತ್ತಿಲ್ಲ

೬ ಜೂನ್ ೧೯೮೮, ಸೋಮವಾರ

ಸವಣೂರಿನಿಂದ ಮತ್ತೆ ಅದೇ ಬಸ್ಸು. ಕಿಟಕಿಯ ಸರಳಿಗೆ ಯಾರೋ ಎಲೆ-ಅಡಿಕೆ ಉಗುಳಿದ್ದರು, ನೋಡದೆ ಒರಗಿದೆ. ಸೆರಗು ಕೆಂಪಾಯಿತು. ಬಂಕಾಪುರ ಕ್ರಾಸಿನಲ್ಲಿ ಇಳಿದು ನಳದ ಕೆಳಗೆ ತೊಳೆದೆ. ಹೋಗಲಿಲ್ಲ. ಶಿಗ್ಗಾವಿ ಬಸ್ಸು ಬರುವವರೆಗೆ ಒದ್ದೆ ಸೆರಗು ಹಿಡಿದು ನಿಂತೆ. ಸವಣೂರಿನ ಎಲೆಗೆ ದೇಶದಲ್ಲೆಲ್ಲ ಹೆಸರು ಅಂತೆ. ಥೂ.

ನಮ್ಮ ಶಿಗ್ಗಾವಿ ಆಫೀಸಿನಲ್ಲಿ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಹೊಳಬಸಪ್ಪ ಸಾಹೇಬರ ಆಜ್ಞೆ. ಮನೆಯಲ್ಲಿ ಅವ್ವನ ಮಡಿ, ಇಲ್ಲಿ ಯಂತ್ರದ ಮಡಿ. ಕೀಬೋರ್ಡಿನ ಮೇಲೆ ಹಲ್ಲಿ ಹಿಕ್ಕೆ ಹಾಕಿತ್ತು. ಅದಕ್ಕೆ ಯಾವ ಆಜ್ಞೆಯೂ ಇಲ್ಲ. ನಾನೇ ಒರೆಸಿದೆ.

ಧಾರವಾಡದಿಂದ ಯಾರೋ ಅಧಿಕಾರಿ ಬಂದಿದ್ದರು. ಸಾಹೇಬರು ಅವರನ್ನು ಯಂತ್ರದ ಮುಂದೆ ನಿಲ್ಲಿಸಿ ವಿವರಿಸಿದ್ದೇ ವಿವರಿಸಿದ್ದು. “ನೋಡ್ರಿ, ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು — ನಾಲ್ಕೂ ತಾಲೂಕಿನ ಬೋರಿಂಗಿನ ಕೈಪಂಪಿನ ನೀರು ಬಾಟಲಿಯೊಳಗ ಲ್ಯಾಬಿಗೆ ಹೋಗತೈತಿ. ನೀರಾಗ ಹೊಲಸಿನ ಕೀಟಾಣು ಎಷ್ಟದಾವ ಅಂತ ಕಾರ್ಡಿನ ಮ್ಯಾಲೆ ಒಂದು ಅಂಕಿ ಬರತೈತಿ. ಈ ಹುಡುಗಿ ಮುನವ್ವರಾ ಅದನ್ನ ಟೈಪ್ ಮಾಡತಾಳ. ಕಂಪ್ಯೂಟರ್ ನೋಡತೈತಿ. ಹತ್ತರ ಒಳಗಿದ್ರ ಹಸರು, ಮ್ಯಾಲಿದ್ರ ಕೆಂಪು. ನಮ್ಮ ಮೆಕ್ಯಾನಿಕ್ ಗುದ್ಲೆಪ್ಪ ಹೋಗಿ ಬೋರಿಂಗಿಗೆ ಆ ಬಣ್ಣ ಹಚ್ಚಿ ಬರತಾನ. ಓದಾಕ ಬರದವರಿಗೂ ತಿಳೀತೈತಿ.”

“ಮತ್ತ ಇವ್ರು?” ಅಂತ ಅಧಿಕಾರಿ ನನ್ನ ಕಡೆ ತೋರಿಸಿದರು.

“ಇವ್ರು ಶಾಮಲಾಬಾಯಾರು. ಕಂಪ್ಯೂಟರ್ ಕಲ್ತಾರ. ಕೆಟ್ರ ನೋಡ್ಕೋತಾರ.”

ಕೆಟ್ಟರೆ ನೋಡಿಕೊಳ್ಳುವವಳು. ಬಿ.ಎಸ್ಸಿ. ಮಾಡಿ, ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮಾಡಿ, ಕೆಟ್ಟರೆ ನೋಡಿಕೊಳ್ಳುವವಳು. ಆದರೂ ಬಣ್ಣದ ಯೋಚನೆ ಒಳ್ಳೆಯದು. ಇಷ್ಟು ಮಾತ್ರ ಒಪ್ಪುತ್ತೇನೆ.

೯ ಜೂನ್, ಗುರುವಾರ

ಹುಬ್ಬಳ್ಳಿಯಿಂದ ಪ್ರಹ್ಲಾದ ಬಂದಿದ್ದ. ಈ ಪ್ರೋಗ್ರಾಂ ಬರೆದವನು. ಡಿಪ್ಲೊಮಾದಲ್ಲಿ ನನ್ನ ಕ್ಲಾಸಿನವನೇ. ಈಗ ಕಂಪನಿಯ ಟೈ ಕಟ್ಟುತ್ತಾನೆ. ಬರುವಾಗ ಗಿರ್ಮಿಟ್ ಕಟ್ಟಿಸಿಕೊಂಡು ಬಂದು, ತಿಂದು, ಆ ಎಣ್ಣೆಗೈಯಲ್ಲೇ ಕೀಬೋರ್ಡ್ ಮುಟ್ಟಿದ. ‘ಎಂಟರ್’ ಕೀ ಇನ್ನೂ ಜಾರುತ್ತಿದೆ.

ಪ್ರೋಗ್ರಾಮಿನ ಮೂಲ ಬರಹ, ಸೋರ್ಸ್, ತೋರಿಸು ಅಂದೆ. ತೋರಿಸಿದ. ಸಿ ಭಾಷೆಯಲ್ಲಿ ಬರೆದಿದ್ದಾನೆ. ಅಕ್ಷರಗಳ ಸಾಲನ್ನು ಅಂಕಿ ಮಾಡಲು ‘ಎ ಟು ಐ’ ಅನ್ನುವ ಫಂಕ್ಷನ್ ಇಟ್ಟಿದ್ದಾನೆ. ಬಂದ ಅಂಕಿ ಹತ್ತರೊಳಗೆ ಇದೆಯೇ ಅಂತ ನೋಡುವುದು. ಮುಗಿಯಿತು.

“ಇಡೀ ಚೆಕ್ ಒಂದ ಸಾಲಿನಾಗ ಮುಗಿಸೀನಿ, ನೋಡು.”

“ಅಂಕಿ ಅಲ್ಲದ್ದು ಏನರ ಬಂದ್ರ?”

“ಅಂಕಿ ಟೈಪ್ ಮಾಡ್ರಿ ಅಂತ ಸ್ಕ್ರೀನ್ ಮ್ಯಾಲೆ ಬರದದ ಅಲ್ಲ. ಬ್ಯಾರೆದು ಯಾಕ ಬರ್ತದ?”

“ಬಂದ್ರ ಅಂತ ಕೇಳ್ಲಿಕ್ಕತ್ತೀನಿ.”

“ಸೊನ್ನೆ ಅಂತ ತಗೋತದ. ಪ್ರೋಗ್ರಾಂ ನಿಲ್ಲೂದಿಲ್ಲ, ಸಿಟ್ಟು ಮಾಡೂದಿಲ್ಲ. ನಿನ್ನಂಗಲ್ಲ.” ನಕ್ಕ. ಹಲ್ಲಿನಲ್ಲಿ ಕೊತ್ತಂಬರಿ ಸಿಕ್ಕಿತ್ತು.

ಸೊನ್ನೆ ಹತ್ತಕ್ಕಿಂತ ಕಡಿಮೆ. ಅಂದರೆ ಏನೂ ತಿಳಿಯದಿದ್ದರೆ — ಹಸಿರು. ಇದನ್ನು ಹೇಳಿದೆ. ಗಡಿಯಾರ ನೋಡಿದ. ಹುಬ್ಬಳ್ಳಿ ಬಸ್ಸಿಗೆ ಹೊತ್ತಾಗಿತ್ತಂತೆ. ಹೊಳಬಸಪ್ಪ ಸಾಹೇಬರಿಗೂ ಹೇಳಿದೆ. “ಕಂಪನಿಯವ್ರು ಮಾಡಿದ್ದಕ್ಕ ಕೈ ಹಚ್ಚಬ್ಯಾಡ್ರಿ ಬಾಯಾರ” ಅಂದರು. ಸೋರ್ಸಿನ ಫ್ಲಾಪಿ ಕಪಾಟಿಗೆ ಹೋಯಿತು. ಕೀಲಿ ಸಾಹೇಬರ ಕಿಸೆಗೆ.

೧೭ ಜೂನ್, ಶುಕ್ರವಾರ

ಪ್ರಿಂಟ್ ಆಯಿತು. ಕಿರ್ರೋ ಕಿರ್ರೋ ಅಂತ ಮಧ್ಯಾಹ್ನದವರೆಗೆ ತಲೆ ತಿಂದಿತು. ಹಸಿರು, ಹಸಿರು, ಹಸಿರು. ಕೆಂಪು ಅಲ್ಲೊಂದು ಇಲ್ಲೊಂದು. ಸಾಹೇಬರಿಗೆ ಪರಮಾನಂದ. ಪೇಡೆ ತರಿಸಿದರು.

“ಇಷ್ಟು ಹಸರು ಇರ್ಲಿಕ್ಕಿಲ್ಲ ಸರ್” ಅಂದೆ.

“ನೀರು ಛಲೋ ಐತಿ ಅಂದ್ರ ನಿಮಗ್ಯಾಕ ಬ್ಯಾಸರ?”

ಎಲ್ಲರೂ ನಕ್ಕರು. ಮುನವ್ವರಾ ಒಬ್ಬಳೇ ನಗಲಿಲ್ಲ, ನನ್ನ ಮುಖ ನೋಡಿದಳು. ನನ್ನ ಪೇಡೆ ಅವಳಿಗೆ ಕೊಟ್ಟೆ. ಗುದ್ಲೆಪ್ಪ ಹಸಿರು ಬಣ್ಣದ ಡಬ್ಬಿಗಳನ್ನು ಹಗ್ಗದಲ್ಲಿ ಕಟ್ಟಿ ಹಿರೇಕೆರೂರು ಬಸ್ಸಿನ ಮೇಲೆ ಹಾಕಿಸಿದ.

೧ ಜುಲೈ, ಶುಕ್ರವಾರ. ಸಂಜೆ

ಗುದ್ಲೆಪ್ಪ ಬಂದ. ಒಳಗೆ ಬರದೆ ಹೊರಗೆ ಕಟ್ಟೆಯ ಮೇಲೆ ಕೂತ. ಸಾಹೇಬರು ಕರೆದರೂ ಏಳಲಿಲ್ಲ. ಕೂತಲ್ಲಿಂದಲೇ ಹೇಳಿದ.

“ಹಂಸಭಾವಿ ಕಡೆ ಜನತಾ ಮನಿಗಳ ಪ್ಲಾಟಿನಾಗ ವಾಂತಿ-ಭೇದಿ ಎದ್ದೈತ್ರಿ. ಬಂಡಿ ಮ್ಯಾಲೆ ಹಾಕ್ಕೊಂಡು ಹಿರೇಕೆರೂರ ದವಾಖಾನಿಗೆ ಒಯ್ಯಾಕತ್ತಾರ್ರಿ.”

“ಬೀಗರ ಊಟ ಉಂಡಿರತಾರ” ಅಂದರು ಸಾಹೇಬರು. “ಬೋರಿಂಗ್ ಹಸರ ಐತಿಲ್ಲೋ ಅಲ್ಲಿ?”

“ಹಸರ ಐತ್ರಿ. ನಾನ ಹಚ್ಚೇನ್ರಿ.”

“ಮುಗೀತಲ್ಲ ಮತ್ತ.”

ಮುಗಿಯಿತಂತೆ. ಗುದ್ಲೆಪ್ಪ ಉಗುರಿನ ಸಂದಿಯ ಹಸಿರು ಬಣ್ಣವನ್ನು ಕಡ್ಡಿಯಿಂದ ತೆಗೆಯುತ್ತ ಕೂತಿದ್ದ.

೨ ಜುಲೈ, ಶನಿವಾರ

ಸಿಕ್ಕಿತು. ಆದದ್ದನ್ನು ಆದಂತೆ ಬರೆದುಬಿಡುತ್ತೇನೆ.

ಬೆಳಿಗ್ಗೆ ಆ ಪ್ಲಾಟಿನ ಬೋರಿಂಗಿನ ಕಾರ್ಡ್ ತೆಗೆದೆ. 1800+ ಅಂತಿದೆ. ಅದಕ್ಕಿಂತ ಮೇಲೆ ಲ್ಯಾಬಿನವರಿಗೆ ಎಣಿಸಲು ಆಗುವುದಿಲ್ಲ, ಅದಕ್ಕೇ ಪ್ಲಸ್. ಇದು ನೀರಲ್ಲ, ಗಟಾರ. ಪ್ರಿಂಟಿನಲ್ಲೂ ಅದೇ 1800+ ಕಂಡಿತು. ಪಕ್ಕದಲ್ಲಿ — ಹಸಿರು.

ನಾನೇ ಯಂತ್ರದ ಮುಂದೆ ಕೂತು 1800+ ಟೈಪ್ ಮಾಡಿದೆ. ಕೆಂಪು ಬಂತು. ಮತ್ತೆ ಮಾಡಿದೆ. ಕೆಂಪು. ಮುನವ್ವರಾಳನ್ನು ಕರೆದು ಕೂಡಿಸಿದೆ.

“ನೀ ಹೊಡಿ. ಇದ ಅಂಕಿ.”

ಹೊಡೆದಳು. ಹಸಿರು.

“ಇನ್ನೊಮ್ಮೆ. ಸಾವಕಾಶ.”

ಈ ಸಲ ಸ್ಕ್ರೀನ್ ನೋಡಲಿಲ್ಲ, ಅವಳ ಬೆರಳು ನೋಡಿದೆ. ಮೊದಲ ಅಂಕಿಗೆ ಬೆರಳು ಮೇಲಿನ ಸಾಲಿಗೆ ಹೋಗಲೇ ಇಲ್ಲ. ನಡುವಿನ ಸಾಲಿನ ಬಲತುದಿಗೆ ಹೋಯಿತು. ಇಂಗ್ಲಿಷಿನ ಸಣ್ಣ ಎಲ್.

“ಇದೇನು ಹೊಡದಿ?”

“ಒಂದು, ಅಕ್ಕಾ.”

“ಅದು ಒಂದಲ್ಲ. ಎಲ್.”

“ಒಂದಕ್ಕ ಎಲ್ ಅಲ್ಲೇನು?” ಕಣ್ಣು ಅಗಲಿಸಿದಳು. “ನಮ್ಮ ಟೈಪಿಂಗ್ ಕ್ಲಾಸಿನ ಮಶೀನಿಗೆ ಒಂದರ ಕೀನ ಇದ್ದಿಲ್ಲ. ಒಂದಕ್ಕ ಸಣ್ಣ ಎಲ್, ಸೊನ್ನೆಗೆ ದೊಡ್ಡ ಓ. ಮಾಸ್ತರು ಹಂಗ ಕಲಿಸಿದ್ರು. ಪರೀಕ್ಷಾದಾಗೂ ಹಂಗ ಹೊಡದೇನಿ. ಫಸ್ಟ್ ಕ್ಲಾಸ್ ಬಂತು...”

ಕಾಗದದ ಮೇಲೆ ಎಲ್ಲಿನ ತಪ್ಪು? ಕಣ್ಣಿಗೆ ಒಂದು ಒಂದೇ. ಸಣ್ಣ ಎಲ್ ಕೂಡ ಒಂದೇ. ಆದರೆ ‘ಎ ಟು ಐ’ ಎಡದಿಂದ ಓದುತ್ತ ಹೋಗುತ್ತದೆ. ಅಂಕಿ ಅಲ್ಲದ್ದು ಕಂಡಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ. ಮೊದಲ ಅಕ್ಷರವೇ ಎಲ್ — ಏನೂ ಓದಲಿಲ್ಲ — ಸೊನ್ನೆ. ಇನ್ನೊಂದು ಕಾರ್ಡಿನ 90 ಅನ್ನು ಇವಳು ಒಂಬತ್ತು ಮತ್ತು ಓ ಅಂತ ಹೊಡೆದಿದ್ದಾಳೆ. ಅದು ಒಂಬತ್ತನ್ನು ಓದಿ ಅಲ್ಲೇ ನಿಂತಿದೆ. ಒಂಬತ್ತು! ಹಸಿರು! ಒಂದು ಮಾತು ಇಲ್ಲ, ಒಂದು ಬೀಪ್ ಇಲ್ಲ. ಕಳ್ಳ ಕೂಡ ಇಷ್ಟು ಮೆಲ್ಲಗೆ ನಡೆಯುವುದಿಲ್ಲ.

ಮುನವ್ವರಾ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಸುಟ್ಟುಕೊಂಡವಳ ಹಾಗೆ.

ಸಾಹೇಬರ ಮನೆಗೆ ಹೋದೆ. ಪೂಜೆಯಲ್ಲಿದ್ದರು. ಬಾಗಿಲಲ್ಲೇ ನಿಲ್ಲಿಸಿ, “ಸೋಮವಾರ ನೋಡೂನು” ಅಂದರು. ಬಸ್‌ಸ್ಟ್ಯಾಂಡಿನಲ್ಲಿ ಗುದ್ಲೆಪ್ಪನನ್ನು ಹಿಡಿದೆ. ಆ ಬೋರಿಂಗಿನ ಹಿಡಿಕೆ ಬಿಚ್ಚಿಕೊಂಡು ಬಾ ಅಂದೆ. ಯಾರ ಆರ್ಡರ್ ಅಂತ ಕೇಳಲಿಲ್ಲ. ನಟ್ಟು ಬಿಚ್ಚುವ ಪಾನಾ ಚೀಲಕ್ಕೆ ಹಾಕಿಕೊಂಡು ಸಿಕ್ಕ ಬಸ್ಸು ಹತ್ತಿದ.

೪ ಜುಲೈ, ಸೋಮವಾರ

ರಜೆ ಹಾಕಿ ನಾನೇ ಹೋದೆ. ಹಂಸಭಾವಿಯಿಂದ ಗುದ್ಲೆಪ್ಪ ಕರೆದುಕೊಂಡು ನಡೆದ. ದಾರಿಯಲ್ಲಿ ಹೇಳಿದ — ನಿನ್ನೆ ಒಬ್ಬಾಕೆ ಹೋದಳಂತೆ. ಶೇಖವ್ವ. ದವಾಖಾನೆ ಮುಟ್ಟುವ ಮೊದಲೇ, ಬಂಡಿಯಲ್ಲೇ.

ಬೋರಿಂಗು ನೋಡಿದೆ. ಹಿಡಿಕೆ ಗುದ್ಲೆಪ್ಪ ಬಿಚ್ಚಿದ್ದ. ಕಟ್ಟೆ ಒಡೆದು ಬಾಯಿ ಬಿಟ್ಟಿದೆ. ಬಚ್ಚಲಿನ ನೀರು, ದನದ ಗಂಜಳ, ಎಲ್ಲವೂ ಹರಿದು ಬಂದು ಆ ಬಿರುಕಿನೊಳಗೆ ಇಳಿಯುತ್ತದೆ. ಹುಳ ಮಿಜಿಮಿಜಿ ಅನ್ನುತ್ತಿದ್ದವು. ಅದರ ಮೇಲೆ ನಮ್ಮ ಹಸಿರು. ಮದುವೆ ಮನೆಯ ಕಂಬದ ಹಾಗೆ ಹೊಳೆಯುತ್ತಿತ್ತು. ಮೂಗಿಗೆ ಸೆರಗು ಹಿಡಿದೆ. ಆಮೇಲೆ ನಾಚಿಕೆಯಾಗಿ ತೆಗೆದೆ.

ಶೇಖವ್ವನ ಅತ್ತೆ ಹುಚ್ಚವ್ವ ಬಾಗಿಲಲ್ಲಿ ಕೂತಿದ್ದಳು. ನನ್ನನ್ನು ನರ್ಸು ಅಂದುಕೊಂಡಳು. ಅಲ್ಲ ಅಂದೆ. ಕೂತೆ. ತಾನಾಗಿಯೇ ಮಾತಾಡಿದಳು.

“ಅಕಿ ಮೊದಲ ಈ ನೀರು ಮುಟ್ಟತಿದ್ದಿಲ್ಲವಾ. ವಾಸನಿ ಬರತೈತಿ ಅಂತ ಹೊಲದ ಬಾವಿಗೆ ಹೋಗಾಕಿ. ಬಸರಿ ಹೆಂಗಸು, ಅಷ್ಟು ದೂರ ಕೊಡಾ ಹೊರಾಕಿ. ಆಮ್ಯಾಲೆ ಇವ ಬಂದು ಹಸರ ಹಚ್ಚಿದ.” ಗುದ್ಲೆಪ್ಪ ತಲೆ ತಗ್ಗಿಸಿದ. “ನಾನ ಬೈದೆ ಅಕಿಗೆ. ಸರಕಾರದವ್ರು ತಪಾಸ ಮಾಡ್ಯಾರ, ನಿಂದೊಂದ ಮೂಗು ದೊಡ್ಡದೇನು ಅಂದೆ. ನಾನ ಅಂದೆನವಾ.”

ತಪ್ಪು ನಮ್ಮದು ಅಂದೆ. ಕಾರ್ಡಿನ ಮೇಲೆ ಸರಿಯಾಗಿಯೇ ಇತ್ತು, ಯಂತ್ರಕ್ಕೆ ಓದಲು ಬರಲಿಲ್ಲ, ಓದಲು ಬಾರದ್ದನ್ನು ಸೊನ್ನೆ ಅಂದುಕೊಂಡಿತು ಅಂದೆ. ನನ್ನ ಮಾತು ನನಗೇ ಹೇಸಿಗೆ ಅನ್ನಿಸಿತು.

ಹುಚ್ಚವ್ವ ಗುದ್ಲೆಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಸಿಟ್ಟಿಲ್ಲದೆ ಕೇಳಿದಳು — “ನಮಗೂ ಓದಾಕ ಬರೂದಿಲ್ಲ. ಬರೂದಿಲ್ಲ ಅಂತ ಹೇಳತೇವಿ. ಅದು ಯಾಕ ಹೇಳಲಿಲ್ಲ ತಂಗಿ?”

ಬಸ್ಸಿನಲ್ಲಿ ಇಡೀ ದಾರಿ ಕಣ್ಣು ಮುಚ್ಚಿ ಕೂತಿದ್ದೆ.

೫ ಜುಲೈ, ಮಂಗಳವಾರ

ಮೀಟಿಂಗು. ಸಾಹೇಬರು, ಪ್ರಹ್ಲಾದ, ನಾನು. ಮುನವ್ವರಾ ಬಾಗಿಲ ಬಳಿ ನಿಂತಿದ್ದಳು. ಕೂಡು ಅಂತ ಯಾರೂ ಅನ್ನಲಿಲ್ಲ.

ಪ್ರಹ್ಲಾದ ಪ್ರಿಂಟ್ ತಿರುಗಿಸಿ ನೋಡಿ, ಹಾಯಾಗಿ ಉಸಿರು ಬಿಟ್ಟ. “ನಮ್ಮ ಪ್ರೋಗ್ರಾಮಿನ ತಪ್ಪಿಲ್ಲ ಬಿಡ್ರಿ. ಟೈಪಿಸ್ಟ್ ತಪ್ಪು.”

“ತಪ್ಪು ಟೈಪ್ ಆದ್ರ ತಪ್ಪದ ಅಂತ ಅದು ಹೇಳಬೇಕೋ ಬ್ಯಾಡೋ?”

“ಎಷ್ಟಕ್ಕಂತ ಹೇಳ್ತದ, ಶಾಮಲಾ? ಮನುಷ್ಯಾರು ಏನೇನೋ ಟೈಪ್ ಮಾಡ್ತಾರ.”

“ಹೌದು. ಮನುಷ್ಯಾರು ಏನೇನೋ ಟೈಪ್ ಮಾಡ್ತಾರ. ಅದು ಗೊತ್ತಿದ್ದೂ ಆ ಒಂದ ಸಾಲು ಬರದಿ.” ಅವನು ಪ್ರಿಂಟ್ ಮಡಚಿಟ್ಟ.

“ಒಬ್ಬ ಹೆಣ್ಮಗಳು ಸತ್ತಾಳ, ಪ್ರಹ್ಲಾದ. ಶೇಖವ್ವ ಅಂತ ಹೆಸರು” ಅಂದೆ. ಟೈ ಸರಿ ಮಾಡಿಕೊಂಡ. ಸಾಹೇಬರು ಕಿಟಕಿ ನೋಡಿದರು. ಆಮೇಲೆ ಸಾಹೇಬರು ಮುನವ್ವರಾಳ ಕಡೆ ತಿರುಗಿ, “ನಾಳಿಂದ ನೀ ಬರಬ್ಯಾಡವಾ” ಅಂದರು. ಬಹಳ ಮೆತ್ತಗೆ. ಉಪಕಾರ ಮಾಡುವವರ ದನಿಯಲ್ಲಿ.

ಅವಳು ಟಿಫಿನ್ ಡಬ್ಬಿ ತೆಗೆದುಕೊಂಡು ಹೋದಳು. ಚಪ್ಪಲಿ ಕೈಯಲ್ಲಿ ಹಿಡಿದು ಗೇಟಿನವರೆಗೆ ಬರಿಗಾಲಲ್ಲೇ ನಡೆದಳು. ಮರೆತಿರಬೇಕು.

ಚಹಾ ಬಂತು. ಇಬ್ಬರೂ ಕುಡಿದರು. ಪ್ರಹ್ಲಾದ ಬಸಿಯಲ್ಲಿ ಹಾಕಿಕೊಂಡು ಸುರ್ ಅಂತ ಎಳೆದ.

೬ ಜುಲೈ

ಅಸಹ್ಯ. ಬರೆಯುವುದಕ್ಕೆ ಮತ್ತೇನೂ ಇಲ್ಲ.

೮ ಜುಲೈ, ಶುಕ್ರವಾರ

ಧಾರವಾಡದಿಂದ ಫೋನ್ ಬಂತಂತೆ — ಎಲ್ಲ ಕಾರ್ಡನ್ನೂ ಮತ್ತೆ ಹಾಕಿ ನೋಡಿರಿ ಅಂತ. ಸಾಹೇಬರ ಮುಖ ಬಾಡಿತ್ತು. ಕಪಾಟಿನ ಕೀಲಿ ಕೇಳಿದೆ. ಸುಮ್ಮನೆ ಕೊಟ್ಟರು.

ಪ್ರಹ್ಲಾದನ ಆ ಸಾಲು ಅಳಿಸಿದೆ. ಅಳಿಸುವಾಗ ಬಚ್ಚಲು ತಿಕ್ಕಿದಷ್ಟು ಸಮಾಧಾನ. ಸಿ ಭಾಷೆಯ ಕಂಪೈಲರಿನ ಪುಸ್ತಕದಲ್ಲಿ ಇನ್ನೊಂದು ಫಂಕ್ಷನ್ ಇದೆ. ಅದು ಎಲ್ಲಿಯವರೆಗೆ ಓದಿದೆ ಅಂತ ಬೆರಳು ಇಟ್ಟು ತೋರಿಸುತ್ತದೆ. ಬೆರಳು ಮೊದಲ ಅಕ್ಷರದಲ್ಲೇ ಇದ್ದರೆ ಏನೂ ಓದಿಲ್ಲ ಅಂತ. ನಡುವೆ ನಿಂತಿದ್ದರೆ ಮುಂದೆ ಕಸ ಇದೆ ಅಂತ. ಕೊನೆ ಮುಟ್ಟಿದ್ದರೆ ಮಾತ್ರ ಅದು ಅಂಕಿ. ಪಕ್ಕದ ಪುಟದಲ್ಲೇ ಇತ್ತು ಇದು. ಪುಟ ತಿರುಗಿಸಲಿಲ್ಲ ಅವನು.

ಆದರೆ ಬರೀ ಬಿಗಿ ಮಾಡಿದರೂ ಆಗದು. 1800+ ಅನ್ನುವುದು ಸರಿಯಾದ ಉತ್ತರವೇ. ಕೊನೆಯಲ್ಲಿ ಒಂದು ಪ್ಲಸ್ಸಿಗೆ ಅನುಮತಿ ಕೊಡಬೇಕು. ಒಂದೇ. ಅದರ ಮುಂದೆ ಏನೂ ಇರಕೂಡದು. ಮೈನಸ್ ಬಂದರೆ ಒದ್ದು ಹೊರಗೆ ಹಾಕಬೇಕು. ಕೀಟಾಣು ಎಲ್ಲಾದರೂ ಸೊನ್ನೆಗಿಂತ ಕಡಿಮೆ ಇರುತ್ತವೆಯೇ?

ಮೈನಸ್ ಅಂದಾಗ ನೆನಪಾಯಿತು. ಹಾನಗಲ್ಲಿನ ಒಂದು ಕಾರ್ಡಿನಲ್ಲಿ 40000 ಇದೆ. ಲ್ಯಾಬಿನವರು ನೀರಿಗೆ ನೀರು ಬೆರೆಸಿ ಕಷ್ಟಪಟ್ಟು ಎಣಿಸಿದ್ದಾರೆ. ಹಳೆಯ ಪ್ರೋಗ್ರಾಮಿನಲ್ಲಿ ಹಾಕಿ ನೋಡಿದೆ, ಮೇಲಿನ ಸಾಲಿನ ಸರಿಯಾದ ಕೀಗಳನ್ನೇ ಒತ್ತಿ. ಅಷ್ಟು ದೊಡ್ಡ ಅಂಕಿ ಅದರ ಡಬ್ಬಿಯಲ್ಲಿ ಹಿಡಿಸುವುದಿಲ್ಲ. ಉಕ್ಕಿ, ಪಲ್ಟಿ ಹೊಡೆದು, ಮೈನಸ್ ಇಪ್ಪತ್ತೈದು ಸಾವಿರದ ಚಿಲ್ಲರೆ ಆಯಿತು. ಹತ್ತಕ್ಕಿಂತ ಕಡಿಮೆ. ಹಸಿರು. ಎಲ್ಲಕ್ಕಿಂತ ಹೊಲಸು ನೀರು ಎಲ್ಲಕ್ಕಿಂತ ಶುದ್ಧ. ಅದರ ಹಿಡಿಕೆ ಈಗಲೇ ಬಿಚ್ಚಿಸಿ ಅಂದರೆ, ಎಲ್ಲ ಕಾರ್ಡೂ ಮುಗಿಯಲಿ ಅಂದರು ಸಾಹೇಬರು.

ಇದರಲ್ಲಿ ಮುನವ್ವರಾಳ ಬೆರಳು ಎಲ್ಲಿದೆ? ಹೇಳಲಿ ಈಗ ಟೈಪಿಸ್ಟ್ ತಪ್ಪು ಅಂತ.

ಇನ್ನೂ ಒಂದು. ಕೆಲವು ಕಾರ್ಡಿನ ಮೇಲೆ ‘ಬಾಟಲಿ ಒಡೆದು ಬಂದಿದೆ’ ಅಂತ ಬರೆದಿದ್ದಾರೆ. ಅಂಕಿಯೇ ಇಲ್ಲ. ಮುನವ್ವರಾ ಸರಿಯಾಗಿಯೇ ಖಾಲಿ ಬಿಟ್ಟಿದ್ದಾಳೆ. ಖಾಲಿ ಅಂದರೆ ಅದಕ್ಕೆ ಸೊನ್ನೆ. ಒಡೆದ ಬಾಟಲಿಯ ನೀರೂ ಹಸಿರು! ಊಟಕ್ಕೆ ಹೋಗಲಿಲ್ಲ. ಹೋಗುವ ಮನಸ್ಸಾಗಲಿಲ್ಲ.

೯ ಜುಲೈ, ಶನಿವಾರ

ಮುನವ್ವರಾಳ ಮನೆಗೆ ಹೋದೆ. ನಮ್ಮ ಮನೆಯಿಂದ ಎರಡು ಓಣಿ ಆಚೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಅವಳ ತಾಯಿ ಮುಮ್ತಾಜಬೇಗಂ ಬಾಗಿಲಲ್ಲೇ ತಡೆದಳು.

“ಏನ್ ಬೇಕಾಗಿತ್ರಿ? ಮಗಳ ಕೈ ಕಡಕೊಂಡು ಹೋಗಾಕ ಬಂದೀರೇನು?”

“ಮಾತಾಡಬೇಕಾಗಿತ್ರಿ.”

“ಅಕಿ ಮಾತಾಡೂದಿಲ್ಲ. ಊಟಾನೂ ಮಾಡೂದಿಲ್ಲ. ಒಂದ ಸಮ ಕೈ ತೊಳಕೋತಾಳ, ಸಾಬಾಣ ಹಚ್ಚಿ ಹಚ್ಚಿ. ನೋಡ್ರಿ ಬರ್ರಿ, ಏನ್ ಮಾಡೀರಿ ಅಂತ ನೋಡ್ರಿ.”

ಒಳಗೆ ಹೋದೆ. ಮುನವ್ವರಾ ಗೋಡೆ ಕಡೆ ಮುಖ ಮಾಡಿದ್ದಳು. ಬೆರಳುಗಳು ಬಿಳಿಚಿ, ಚರ್ಮ ಸುಕ್ಕಾಗಿತ್ತು. ಸಮಾಧಾನದ ಮಾತು ನನಗೆ ಬರುವುದಿಲ್ಲ. 40000ದ ಕಥೆ ಹೇಳಿದೆ. ಒಡೆದ ಬಾಟಲಿಯ ಕಥೆ ಹೇಳಿದೆ. ಒಂದೊಂದೇ ಅಕ್ಷರ ಅದು ಹೇಗೆ ಓದುತ್ತದೆ, ಎಲ್ಲಿ ಬಾಯಿ ಮುಚ್ಚುತ್ತದೆ, ಎಲ್ಲ ಹೇಳಿದೆ. ಮೆಲ್ಲಗೆ ಈ ಕಡೆ ತಿರುಗಿದಳು.

“ನಾ ಸರಿ ಹೊಡದಿದ್ರ ಅಕಿ ಉಳೀತಿದ್ಲಲ್ಲ, ಅಕ್ಕಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಉಳೀತಿದ್ಲು. ಅದು ತಪ್ಪು ಅಂತ ಹೇಳಿದ್ರೂ ಉಳೀತಿದ್ಲು. ನೀ ಎಲ್ ಹೊಡದ ಮೊದಲನೇ ದಿನಾನ ಹೇಳಿದ್ರ ನೀ ಅವತ್ತ ಕಲೀತಿದ್ದಿ.”

ಅತ್ತಳು. ಮುಮ್ತಾಜಬೇಗಂ ಚಹಾ ತಂದಿಟ್ಟು ಹೋದಳು. ನನ್ನ ಮುಖ ನೋಡಲಿಲ್ಲ. ಕುಡಿದೆ. ಸೋಮವಾರ ಬರುತ್ತೀಯಾ ಅಂದೆ. ತಲೆ ಅಲ್ಲಾಡಿಸಿದಳು, ಇಲ್ಲ ಅಂತ.

ಮನೆಗೆ ಬಂದರೆ ಅವ್ವ ಹಿತ್ತಲಲ್ಲಿ ಬಕೆಟ್ ಇಟ್ಟುಕೊಂಡು ನಿಂತಿದ್ದಳು. ಯಾರೋ ಹೇಳಿದ್ದಾರೆ. “ಅವರ ಮನಿ ಚಹಾ ಕುಡದ್ಯಂತ? ಸ್ನಾನ ಮಾಡಿ ಒಳಗ ಬಾ.” ಮಾಡಲಿಲ್ಲ. ಹಾಗೇ ಒಳಗೆ ಹೋದೆ. ಅವ್ವ ಉಣ್ಣಲಿಲ್ಲ. ಹಬ್ಬಿದ ಹೊಲಸು ಯಾವುದು, ಎಲ್ಲಿಂದ ಬಂತು ಅಂತ ಇವರಿಗೆ ಯಾರು ಹೇಳಬೇಕು?

೧೩ ಜುಲೈ, ಬುಧವಾರ

ಬಂದಳು. ಸೋಮವಾರ ಅಲ್ಲ, ನಿನ್ನೆ. ಹೇಳದೆ ಕೇಳದೆ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತಳು. ಸಾಹೇಬರು ನೋಡಿಯೂ ನೋಡದವರ ಹಾಗೆ ಹೋದರು.

ಮೊದಲ ಕಾರ್ಡಿಗೇ ಬೆರಳು ಅಭ್ಯಾಸಬಲದಿಂದ ಎಲ್‌ಗೆ ಹೋಯಿತು. ಯಂತ್ರ ಬೀಪ್ ಅಂದಿತು. ಸ್ಕ್ರೀನಿನ ಮೇಲೆ ನಾನು ಬರೆದಿಟ್ಟ ಸಾಲು ಬಂತು — ಮೊದಲನೇ ಅಕ್ಷರ ಅಂಕಿ ಅಲ್ಲ, ಮತ್ತೆ ಹೊಡೆಯಿರಿ. ಬೆಚ್ಚಿಬಿದ್ದಳು. ಅಳಿಸಿ ಮತ್ತೆ ಹೊಡೆದಳು. ಮತ್ತೆ ಎಲ್. ಮತ್ತೆ ಬೀಪ್. ಮೂರನೇ ಸಲಕ್ಕೆ ಬೆರಳು ಮೇಲಿನ ಸಾಲಿಗೆ ಹೋಯಿತು.

“ಈಗ ಇದು ಬೈತೈತಿ” ಅಂದಳು. ಮುಂದಿನ ಕಾರ್ಡ್ ಎತ್ತಿಕೊಳ್ಳುತ್ತ, “ಛಲೋ ಆತು.”

ಇವತ್ತು ಎಲ್ಲವೂ ಮುಗಿಯಿತು. ಹಸಿರು ಇದೆ, ಇಲ್ಲ ಅನ್ನುವುದಿಲ್ಲ, ನಿಜವಾದ ಹಸಿರು. ಕೆಂಪು ಹಾಳೆ ತುಂಬ. ನಡುವೆ ಮೂರನೆಯ ಮಾತು ಒಂದಿದೆ. ಬಾಟಲಿ ಒಡೆದದ್ದು, ಕಾರ್ಡ್ ನೀರಲ್ಲಿ ನೆನೆದು ಅಂಕಿ ಅಳಿಸಿದ್ದು, ಏಳೋ ಒಂದೋ ಅಂತ ಗೊತ್ತಾಗದ್ದು — ಇವುಗಳ ಮುಂದೆ ‘ಗೊತ್ತಿಲ್ಲ’ ಅಂತ ಬರುತ್ತದೆ. ಅದೂ ಕಡಿಮೆ ಇಲ್ಲ.

೧೪ ಜುಲೈ, ಗುರುವಾರ

ಸಾಹೇಬರು ಪ್ರಿಂಟ್ ಓದಿದರು. ಕೆಂಪಿಗೆ ಬೈಯಲಿಲ್ಲ. ಕೆಂಪು ಹಚ್ಚಿಸಿ, ಹಿಡಿಕೆ ಬಿಚ್ಚಿಸಿ ಅಂತ ಆಗಲೇ ಬರೆದುಕೊಟ್ಟರು. ಆದರೆ ಮೂರನೆಯ ಮಾತು ಕಂಡು ಸಿಡಿದರು.

“ಇದೇನ್ರಿ? ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ?”

“ಗೊತ್ತಿಲ್ಲ ಸರ್. ಆ ನೀರು ಹೆಂಗದ ಅಂತ ಯಾರಿಗೂ ಗೊತ್ತಿಲ್ಲ.”

“ಗೊತ್ತಿಲ್ಲ ಅನ್ನಾಕ ಇಲ್ಲಿ ಆಫೀಸ್ ಯಾಕ ಬೇಕ್ರಿ? ಮ್ಯಾಲಿನವ್ರು ಹಸರೆಷ್ಟು ಕೆಂಪೆಷ್ಟು ಅಂತ ಕೇಳತಾರ. ಸರಕಾರದಾಗ ಮೂರನೇ ಬಣ್ಣ ಇಲ್ಲ.”

“ಹಂಗಾರ ಮತ್ತ ಪರೀಕ್ಷಾ ಆಗೂತನಾ ಕೆಂಪ ಹಚ್ಚೂಣು.”

“ಅಷ್ಟೂ ಮುಚ್ಚಿದ್ರ ಮಂದಿ ಏನ್ ಕುಡೀಬೇಕು? ನಾಳೆ ನನ್ನ ಮನಿಗೆ ಕಲ್ಲು ಒಗೀತಾರ.”

ಇದೊಂದು ಮಾತು ಸುಳ್ಳಲ್ಲ. ಕೆಲವು ಊರಲ್ಲಿ ಬೇರೆ ನೀರೇ ಇಲ್ಲ. “ಹಳದಿ ಹಚ್ಚೂಣು ಸರ್. ಕಾಸಿ ಕುಡೀರಿ ಅಂತ ಹೇಳೂಣು. ಮತ್ತ ಬಾಟಲಿ ಕಳಸೂಣು.”

“ಆಗೂದಿಲ್ಲ.”

“ಶೇಖವ್ವ...”

“ಸಾಕ್ರಿ!” ಮೇಜು ಬಡಿದರು. ಲೋಟ ಉರುಳಿತು. ನೀರು ಪ್ರಿಂಟಿನ ಮೇಲೆ ಹರಿಯಿತು. ಇಬ್ಬರೂ ಅದನ್ನೇ ನೋಡುತ್ತ ಕೂತೆವು, ಯಾರೂ ಒರೆಸಲಿಲ್ಲ.

ಸಂಜೆ ಬೀಗ ಹಾಕುವಾಗ ಬಾಗಿಲಿಗೆ ಬಂದರು. ಮುಖ ಬೇರೆ ಕಡೆ. “ನಾಳಿಂದ ನಾ ಧಾರವಾಡಕ್ಕ ಹೋಗಾಂವ. ಮೀಟಿಂಗ್ ಐತಿ. ಬುಧವಾರ ಬರತೇನಿ. ಅಲ್ಲೀತನ ಇಲ್ಲಿ ಯಾರ ಏನ್ ಮಾಡತಾರ, ಯಾರ ಯಾವ ಬಣ್ಣ ಹಚ್ಚತಾರ — ನನಗ ಗೊತ್ತಿಲ್ಲ.”

ಜೀಪು ಹತ್ತಿ ಹೋದರು.

ಬೇಡ ಅನ್ನುವ ಧೈರ್ಯವಿಲ್ಲ. ಮಾಡು ಅನ್ನುವುದಕ್ಕೂ ಇಲ್ಲ. ಒಬ್ಬ ಮನುಷ್ಯ ಇಷ್ಟು ತೆಳ್ಳಗಿರಬಹುದೇ? ಆದರೂ ಆ ಮಾತನ್ನು ಹಿಡಿದುಕೊಂಡೆ. ಹೇಸಿಗೆಯಿಂದಲೇ ಹಿಡಿದುಕೊಂಡೆ.

೧೬ ಜುಲೈ, ಶನಿವಾರ

ಹಳದಿ ಬಣ್ಣವನ್ನು ಗುದ್ಲೆಪ್ಪ ಎಲ್ಲಿಂದಲೋ ತಂದ. ರಸ್ತೆಯ ಮೈಲಿಗಲ್ಲಿಗೆ ಹಚ್ಚುವುದಂತೆ. ಕೇಳಲಿಲ್ಲ. ಮೊದಲು ಜನತಾ ಪ್ಲಾಟಿಗೆ ಹೋಗಿ ಹಸಿರನ್ನು ಕೆರೆದ. ತಗಡು ಕಾಣುವವರೆಗೆ ಕೆರೆದ. ಮೇಲೆ ಕೆಂಪು ಬಳಿದ. ಹುಚ್ಚವ್ವ ಬಾಗಿಲು ತೆರೆಯಲಿಲ್ಲ.

ನಿನ್ನೆ, ಇವತ್ತು ಹಿರೇಕೆರೂರು ಕಡೆ. ಮುನವ್ವರಾ ಶಿಗ್ಗಾವಿಯಲ್ಲಿ ಕೂತು ಮತ್ತೆ ಪರೀಕ್ಷೆಗೆ ಹೋಗಬೇಕಾದ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಾಳೆ. ನನ್ನ ಕಾಲಿಗೆ ಬೊಬ್ಬೆ ಬಂದಿವೆ. ಬಸ್ಸಿನಲ್ಲಿ ಯಾರೋ ಕೋಳಿ ತಂದಿದ್ದರು, ನನ್ನ ಚೀಲದ ಮೇಲೆ ಹೇತಿತು. ಗುದ್ಲೆಪ್ಪ ನಕ್ಕ. ಈ ತಿಂಗಳು ಅವನು ನಕ್ಕಿದ್ದು ಇದೇ ಮೊದಲು.

೧೮ ಜುಲೈ, ಸೋಮವಾರ. ಮಧ್ಯಾಹ್ನ

ಹಾನಗಲ್ ತಾಲೂಕು. ಗದ್ದೆಯ ದಂಡೆಯ ಊರು. ಗುದ್ಲೆಪ್ಪ ಗುಡಿಯ ಮುಂದಿನ ಬೋರಿಂಗಿಗೆ ಹಳದಿ ಬಳಿಯುತ್ತಿದ್ದಾನೆ. ನಾನು ಗರಡಿಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಕೆಳಗೆ ಯಾರೋ ತಂಬಾಕು ಉಗುಳಿದ್ದಾರೆ, ನೋಡಿಯೇ ಕೂತಿದ್ದೇನೆ.

ಹೆಂಗಸರು ಸೇರಿದ್ದರು. ಅವರಲ್ಲಿ ಹಿರಿಯಳು ಅನ್ನವ್ವ. ಸೊಂಟಕ್ಕೆ ಕೈ ಇಟ್ಟು ಕೇಳಿದಳು.

“ಕೆಂಪ ಅಂದ್ರ ಬ್ಯಾಡ. ಹಸರ ಅಂದ್ರ ಕುಡೀರಿ. ಇದೇನವಾ ಹಳದಿ? ಕುಡೀಬೇಕೋ, ಬಿಡಬೇಕೋ?”

“ಗೊತ್ತಿಲ್ಲ ಅಂತ ಅರ್ಥ.”

“ಯಾರಿಗೆ ಗೊತ್ತಿಲ್ಲ?”

“ನಮಗ. ಬಾಟಲಿ ಒಡದಿತ್ತು. ಇವತ್ತ ಮತ್ತ ತುಂಬಕೊಂಡು ಹೋಗ್ತೀವಿ. ಗೊತ್ತಾಗೂತನಾ ಕಾಸಿ, ಆರಿಸಿ ಕುಡೀರಿ. ಕೂಸಿಗಂತೂ ಹಸಿ ನೀರು ಹಾಕಬ್ಯಾಡ್ರಿ.”

“ಗೊತ್ತಿಲ್ಲ ಅಂತ ಹೇಳಾಕ ಶಿಗ್ಗಾವಿಂದ ಬಂದಿಯಾ?” ಎಲ್ಲರೂ ಗೊಳ್ಳೆಂದು ನಕ್ಕರು.

ಹೌದು ಅಂದೆ. ಅದಕ್ಕೇ ಬಂದೆ. ಅನ್ನವ್ವ ನನ್ನ ಮುಖವನ್ನೇ ನೋಡಿದಳು. ನಗು ನಿಲ್ಲಿಸಿ, ಉಳಿದವರ ಕಡೆ ತಿರುಗಿ, “ಕಾಸ್ರೆ. ಕಟಗಿ ಇದ್ದವ್ರು ಇಲ್ಲದವ್ರಿಗೂ ಕಾಸಿ ಕೊಡ್ರಿ” ಅಂದಳು. ಕೊಡ ಎತ್ತಿಕೊಂಡು ಹೋದರು.

ಇನ್ನೊಂದು ಬೋರಿಂಗು ಕೆರೆಯ ಕಡೆ ಇದೆ. ಅದೂ ನಮ್ಮ ಪಟ್ಟಿಯದೇ. 40000ದ್ದು. ಅದನ್ನೇ ಮೊದಲು ಮಾಡೋಣ ಅಂದೆ, ಕೆಂಪು ಡಬ್ಬಿಯ ಮುಚ್ಚಳ ಬಿಗಿದು ಕೂತಿತ್ತು. ಗುದ್ಲೆಪ್ಪ ಅದನ್ನು ಬಿಸಿಲಿಗೆ ಇಟ್ಟು, ಹಿಡಿಕೆಯನ್ನೂ ಆಗಲೇ ಬಿಚ್ಚಿದರಾಯಿತು ಅಂದು ಈ ಕೆಲಸ ಹಿಡಿದ. ಇಲ್ಲಿಂದ ಕಾಣುತ್ತದೆ, ಇನ್ನೂ ಹಸಿರೇ. ಒಬ್ಬಾಕೆ ಗದ್ದೆಯಿಂದ ಬಂದು ಜಗ್ಗುತ್ತಿದ್ದಾಳೆ. ಕಂಕುಳಲ್ಲಿ ಕೂಸು. ಮುಖ ತೊಳೆದಳು. ಈಗ ಬೊಗಸೆ ಒಡ್ಡಿ ಕೂಸಿನ ಬಾಯಿ ಕಡೆ — ಇಲ್ಲಿಂದ ಕೂಗಿದರೆ ಕೇಳಿಸದು, ಎದ್ದು